ಒಂದಕ್ಷರವೂ ಸುಳ್ಳಿಲ್ಲದ ವರದಿ

ಹನ್ನೊಂದು ಗಂಟೆಯಾದರೂ ಅವನು ಹದಿನಾಲ್ಕನೆಯ ಸ್ಲೈಡಿನಲ್ಲೇ ಇದ್ದ. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಮೂವತ್ತು ಮುಗಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಕಿಟಕಿಯ ಪಕ್ಕ ನಿಂತು ಟೀ ಕುಡಿಯುತ್ತಿದ್ದ. ಇಪ್ಪತ್ತೆರಡು ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸ. ಜನ ಪುಟ್ಟ ಡಬ್ಬಿಯಲ್ಲಿ ತುಂಬಿ, ಅದಕ್ಕೆ ಎರಡು ಮೂರು ಪ್ಲಾಸ್ಟಿಕ್ ಚೀಲ ಸುತ್ತಿ, ಬೇರೆ ಯಾರದೋ ಎಂಬಂತೆ ಮುಖ ಆಚೆ ತಿರುಗಿಸಿ ಕೌಂಟರಿನಲ್ಲಿಟ್ಟು ಹೋದದ್ದನ್ನು ಅವನು ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ತೆಗೆದು, ಗಾಜಿನ ಮೇಲೆ ಒಂದು ಹನಿಯಲ್ಲಿ ಕದಡಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡುತ್ತಿದ್ದ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅದರಲ್ಲಿ ದಾಕ್ಷಿಣ್ಯದ ಮಾತೇ ಇರಲಿಲ್ಲ. ಮಲಪರೀಕ್ಷೆಯ ಮೂಲೆಯೆಂದರೆ ಮೂಗು ಮುರಿಯುವ ರಕ್ತದ ವಿಭಾಗದವರೂ ಅವನ ಕಣ್ಣಿನ ಬಗ್ಗೆ ಎರಡು ಮಾತಾಡುತ್ತಿರಲಿಲ್ಲ. ಆ ಕಣ್ಣು ಈಗ ಮಸೂರಕ್ಕೆ ಅಂಟಿಕೊಂಡೇ ಇತ್ತು, ಆದರೆ ನೋಡಿದ ಮೂಲೆಯನ್ನೇ ಮೂರನೆಯ ಸಲ ನೋಡುತ್ತಿತ್ತು. ಬೆಳಗ್ಗೆ ಭಾವ ಫೋನು ಮಾಡಿದ್ದರು. ಹೆಂಡತಿಯ ಅಣ್ಣ. ‘ಸಂಜೆ ಬಾ. ನಾಲ್ಕು ಜನ ಬರ್ತಾರೆ, ಮೀನು ನೋಡಬೇಕಂತೆ. ನಿನ್ನ ಪರಿಚಯ ಮಾಡಿಸ್ತೀನಿ’ ಎಂದಿದ್ದರು. ಮದುವೆಯಾಗಿ ಹದಿನೆಂಟು ವರ್ಷಗಳಲ್ಲಿ ಭಾವನಿಗೆ ಅವನನ್ನು ಯಾರಿಗೂ ಪರಿಚಯ ಮಾಡಿಸಬೇಕೆನ್ನಿಸಿದ್ದು ಇದೇ ಮೊದಲು. ಫೋನಿಟ್ಟ ಮೇಲೆ ಹೆಂಡತಿ ಅವನ ನೀಲಿ ಅಂಗಿಯನ್ನು ಹುಡುಕಿ ಇಸ್ತ್ರಿ ಮಾಡತೊಡಗಿದ್ದಳು. ಅವಳ ಮುಖದಲ್ಲಿದ್ದ ಹಿಗ್ಗನ್ನು ನೋಡಲಾಗದೆ ಅವನು ಅರ್ಧ ಗಂಟೆ ಮೊದಲೇ ಮನೆಯಿಂದ ಹೊರಬಿದ್ದಿದ್ದ.

ಭಾವನದು ಬಚ್ಚಲುಮನೆ ಸಾಮಾನಿನ ದೊಡ್ಡ ಅಂಗಡಿ. ನಲ್ಲಿ, ಟೈಲ್ಸು, ಕಮೋಡು. ಎರಡು ಅಂತಸ್ತು, ಗಾಜಿನ ಬಾಗಿಲು, ಒಳಗೆ ಹೋದರೆ ಬಿಳಿಬಿಳಿಯ ಕಮೋಡುಗಳು ಶಾಲೆಯ ಮಕ್ಕಳಂತೆ ಸಾಲಾಗಿ ಬಾಯಿ ತೆರೆದು ಕೂತಿರುತ್ತಿದ್ದವು. ನಾದಿನಿಯ ಮದುವೆ ಮಾತುಕತೆಯ ದಿನ, ಗಂಡಿನ ಕಡೆಯವರು ತುಂಬಿದ ಹಾಲಿನಲ್ಲಿ ಯಾರೋ ‘ಇವರು ಏನು ಮಾಡ್ಕೊಂಡಿದಾರೆ?’ ಎಂದು ಕೇಳಿದಾಗ ಭಾವ ಅವನ ಹೆಗಲ ಮೇಲೆ ಕೈಹಾಕಿ, ‘ನಮ್ಮಿಬ್ಬರದೂ ಒಂದೇ ಲೈನು. ನಾನು ಪಾತ್ರೆ ಮಾರ್ತೀನಿ, ಇವನು ಪದಾರ್ಥ ನೋಡ್ತಾನೆ’ ಎಂದಿದ್ದರು. ಹಾಲಿಗೆ ಹಾಲೇ ನಕ್ಕಿತ್ತು. ಅವನೂ ನಕ್ಕಿದ್ದ. ಎಲ್ಲರಿಗಿಂತ ಒಂದು ಕ್ಷಣ ಹೆಚ್ಚಾಗಿಯೇ ನಕ್ಕಿದ್ದ, ಬೇಸರವಾಗಿಲ್ಲವೆಂದು ತೋರಿಸಲಿಕ್ಕೆ. ಆ ಹೆಚ್ಚಿನ ಒಂದು ಕ್ಷಣ ಎಷ್ಟೋ ವರ್ಷಗಳಾದ ಮೇಲೂ ಸ್ನಾನ ಮಾಡುವಾಗ, ಬಸ್ಸಿನಲ್ಲಿ ನಿಂತಿರುವಾಗ ನೆನಪಾಗಿ ಕಿವಿಗಳು ಬೆಚ್ಚಗಾಗುತ್ತಿದ್ದವು.

ಆರು ತಿಂಗಳ ಹಿಂದೆ ಭಾವ ಹಾಲಿನ ಗೋಡೆಯುದ್ದಕ್ಕೂ ಅಕ್ವೇರಿಯಂ ಮಾಡಿಸಿದರು. ಗಾಜಿನ ಹಿಂದೆ ಒಂದು ಸಣ್ಣ ಕೊಳವೇ ಇದ್ದಂತಿತ್ತು. ಅದರಲ್ಲಿ ಡಿಸ್ಕಸ್ ಎಂಬ ಜಾತಿಯ, ತಟ್ಟೆಯ ಹಾಗೆ ದುಂಡಗೆ ಚಪ್ಪಟೆಯಾದ, ಕಿತ್ತಳೆಯ ಮೇಲೆ ನೀಲಿ ಗೀರಿನ ಒಂಬತ್ತು ಮೀನುಗಳು. ಅದನ್ನು ತೋರಿಸಲೆಂದೇ ನೆಂಟರನ್ನೆಲ್ಲ ಕರೆದ ದಿನ ಅವನು ಬರಿಗೈಯಲ್ಲಿ ಹೋಗಬಾರದೆಂದು ತನ್ನ ಮನೆಯ ಗಾಜಿನ ತೊಟ್ಟಿಯಿಂದ ಎಂಟು ಗಪ್ಪಿ ಹಿಡಿದು, ಚೀಲದಲ್ಲಿ ನೀರು ಗಾಳಿ ತುಂಬಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಒಯ್ದಿದ್ದ. ಬೆರಳ ಗೆಣ್ಣಿನಷ್ಟುದ್ದದ ಮೀನುಗಳು, ಆದರೆ ಬಾಲಗಳು ಮಾತ್ರ ಬೀಸಣಿಗೆಯಂತೆ. ಅವನೇ ಮೂರು ವರ್ಷ ಆರಿಸಿ ಆರಿಸಿ ಬೆಳೆಸಿದ ಸಂತಾನ. ಅವನ ಬದುಕಿನಲ್ಲಿ ಅವನೇ ಮಾಡಿದ ಚೆಂದದ ವಸ್ತು ಅದೊಂದೇ ಇತ್ತು. ಭಾವ ಚೀಲವನ್ನು ದೀಪಕ್ಕೆ ಹಿಡಿದು ನೋಡಿ, ‘ಇದೇನಪ್ಪ, ನಮ್ಮ ಮೀನುಗಳಿಗೆ ತಿಂಡಿ ತಂದ್ಯಾ?’ ಎಂದರು. ಮತ್ತೆ ನಗು. ಆಗ ಚೀಲವನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡದ್ದು ಮೀನಕ್ಕ. ಆ ಮನೆಯಲ್ಲಿ ಅಡುಗೆ, ಕಸ, ಬಟ್ಟೆ ಎಲ್ಲ ನೋಡಿಕೊಳ್ಳುತ್ತಿದ್ದ ನಲವತ್ತರ ಆಸುಪಾಸಿನ ಹೆಂಗಸು. ಮೀನಿಗೆ ಆಹಾರ ಹಾಕುವ ಕೆಲಸವೂ ಆಕೆಯ ಪಾಲಿಗೆ ಬಂದ ಮೇಲೆ ಮನೆಯ ಮಕ್ಕಳು ಹಾಗೆ ಕರೆಯತೊಡಗಿ ಅದೇ ಉಳಿದುಕೊಂಡಿತ್ತು. ಆಕೆ ಚೀಲವನ್ನು ಬಿಚ್ಚದೆ ಹಾಗೇ ನೀರಿನ ಮೇಲೆ ತೇಲಿಬಿಟ್ಟು, ‘ಒಂದರ್ಧ ಗಂಟೆ ಇರ್ಲಿ ಸರ್, ಎರಡು ನೀರೂ ಒಂದೇ ಬಿಸಿಗೆ ಬರ್ಲಿ’ ಎಂದಳು. ಅಷ್ಟು ಜನರಲ್ಲಿ ಅವನ ಮೀನುಗಳನ್ನು ಮೀನುಗಳೆಂದು ಕಂಡದ್ದು ಆಕೆಯೊಬ್ಬಳೇ.

ಆ ಎಂಟರಲ್ಲಿ ಒಂದು ಹೆಣ್ಣು ಮೀನಿನ ಹೊಟ್ಟೆಯ ಕೆಳಗೆ, ಬಾಲ ಶುರುವಾಗುವ ಮುಂಚೆ, ಕೆಂಪಗೆ ಒಂದು ಚುಕ್ಕೆಯಿತ್ತು. ಬಲೆಯಲ್ಲಿ ಹಿಡಿಯುವಾಗಲೇ ಅವನು ನೋಡಿದ್ದ. ಸೂಜಿಯ ಮೊನೆಯಷ್ಟು. ಏನೋ ತಿಂದದ್ದು ಹೊರಗೆ ಬರುತ್ತಿದೆ ಎಂದುಕೊಂಡ, ಅಂದರೆ ಹಾಗೆಂದುಕೊಳ್ಳಲು ಇಷ್ಟಪಟ್ಟ, ಯಾಕೆಂದರೆ ಎಂಟು ಮೀನೆಂದು ಮೊದಲೇ ಎಣಿಸಿಟ್ಟಿದ್ದ, ಬಸ್ಸಿಗೆ ಹೊತ್ತಾಗಿತ್ತು, ಅದರ ಬಾಲ ಎಲ್ಲಕ್ಕಿಂತ ಚೆನ್ನಾಗಿತ್ತು. ನೋಡುವುದನ್ನೇ ಕಸುಬು ಮಾಡಿಕೊಂಡವನು ನೋಡಿಯೂ ನೋಡದವನಂತೆ ಚೀಲದ ಬಾಯಿ ಕಟ್ಟಿದ್ದ.

‘ಹದಿನಾಲ್ಕು ಆಯ್ತಾ?’ ಎಂದು ಕೌಂಟರಿನ ಹುಡುಗಿ ಕೇಳಿದಳು. ‘ಆಯ್ತು’ ಎಂದು ‘ಏನೂ ಕಂಡುಬಂದಿಲ್ಲ’ ಎಂದು ಬರೆದ. ಬರೆದ ಮೇಲೆ ಸಂಶಯವಾಗಿ ಮತ್ತೆ ಸ್ಲೈಡನ್ನು ಇಟ್ಟು ನೋಡಿದ. ಏನೂ ಇರಲಿಲ್ಲ. ಈ ಒಂದೂವರೆ ತಿಂಗಳಿಂದ ಹೀಗೇ ಆಗುತ್ತಿತ್ತು, ಬರೆದದ್ದನ್ನು ನಂಬಲಾಗುತ್ತಿರಲಿಲ್ಲ.

ಒಂದೂವರೆ ತಿಂಗಳ ಹಿಂದೆ ಭಾವನ ಫೋನು ಬಂದಾಗ ಅವನು ಇದೇ ಕುರ್ಚಿಯಲ್ಲಿದ್ದ. ‘ನನ್ನ ಮೀನುಗಳು ಯಾಕೋ ಸೊರಗಿವೆ. ಬಂದು ನೋಡು. ಅವುಗಳದ್ದೂ ನಿನ್ನ ಡಿಪಾರ್ಟ್‌ಮೆಂಟಿನ ತೊಂದರೇನೇ.’ ಹೋಗಿ ನೋಡಿದರೆ ಮಾತಿಗೆ ತಕ್ಕ ಹಾಗೇ ಇತ್ತು. ಮೀನುಗಳು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದವು. ಆಹಾರ ಹಾಕಿದರೆ ಓಡಿಬಂದು ಬಾಯಿಗೆ ತೆಗೆದುಕೊಳ್ಳುತ್ತಿದ್ದವು, ಅಗಿದಂತೆ ಮಾಡಿ ಹಾಗೇ ಉಗುಳಿಬಿಡುತ್ತಿದ್ದವು. ಮೇಲಿನಿಂದ ನೋಡಿದವರಿಗೆ ತಿಂದವೆಂದೇ ಲೆಕ್ಕ. ಪಕ್ಕೆಗಳು ಒಳಗೆ ಬಿದ್ದು, ತಲೆಯ ಹಿಂದಿನ ಮಾಂಸ ಕರಗಿ ಹಣೆ ಚೂಪಾಗಿತ್ತು. ಒಂದು ಮೀನಿನ ಹಿಂದೆ ಬೆಳ್ಳನೆಯ ದಾರದಂಥ ಮಲ ತುಂಡಾಗದೆ ಜೋತುಬಿದ್ದಿತ್ತು. ಒಳಗೆ ಏನೂ ಇಲ್ಲದೆ ಬರೀ ಲೋಳೆ ಬರುತ್ತಿದ್ದರೆ ಹಾಗೆ. ಅಂಗಡಿಯವನು ಮಲಬದ್ಧತೆಯಿರಬೇಕೆಂದು ಉಪ್ಪು ಕೊಟ್ಟಿದ್ದನಂತೆ. ಅವನು ಕುರ್ಚಿ ಎಳೆದುಕೊಂಡು ಗಾಜಿಗೆ ಮೂಗು ತಾಗಿಸಿ ಕೂತ. ಹತ್ತು ನಿಮಿಷ ಅಲುಗಾಡಲಿಲ್ಲ. ದೊಡ್ಡ ಮೀನೊಂದು ನಿಶ್ಚಲವಾಗಿ ನಿಂತಾಗ ಅದರ ಗುದದಿಂದ ಎರಡು ಮೂರು ಕೆಂಪು ಎಳೆಗಳು ಬ್ರಷ್ಷಿನ ಕೂದಲಿನಂತೆ ಮೆಲ್ಲಗೆ ಹೊರಗೆ ಬಂದವು. ಮೀನು ಮಿಸುಕಿದೊಡನೆ ಸರಕ್ಕನೆ ಒಳಗೆ ಹೋದವು. ‘ಹೊಟ್ಟೇಲಿ ಹುಳ ಆಗಿದೆ ಭಾವ’ ಎಂದ. ಗಪ್ಪಿಗಳು ಎಲ್ಲಿ ಎಂದು ಹುಡುಕಿದ. ಒಂದೂ ಇರಲಿಲ್ಲ. ‘ಮೊದಮೊದಲು ಒಂದೆರಡು ಸತ್ತವು, ಉಳಿದವನ್ನ ಇವೇ ತಿಂದ್ಕೊಂಡ್ವು’ ಎಂದು ಮೀನಕ್ಕ ಹಿಂದಿನಿಂದ ಹೇಳಿದಳು.

ಆ ದಿನ ಸತ್ತಿದ್ದ ಡಿಸ್ಕಸ್ ಒಂದನ್ನು ಅವನು ಡಬ್ಬಿಯಲ್ಲಿ ಹಾಕಿಕೊಂಡು ಬಂದು, ಲ್ಯಾಬಿನಲ್ಲಿ ಎಲ್ಲರೂ ಊಟಕ್ಕೆ ಹೋದಾಗ ಮನುಷ್ಯರ ಸ್ಲೈಡುಗಳ ನಡುವೆ ಅದರ ಕರುಳನ್ನು ಬಿಚ್ಚಿ ನೋಡಿದ. ಕೆಂಪುಹುಳು ಕರುಳಿನ ಗೋಡೆಯನ್ನು ಕಚ್ಚಿಕೊಂಡಿತ್ತು, ಬಾಯಿ ಬಟ್ಟೆಯ ಕ್ಲಿಪ್ಪಿನಂತೆ ಬಿಗಿದಿತ್ತು. ಚಿಮಟದಲ್ಲಿ ಎಳೆದರೆ ಕರುಳೇ ಬರುತ್ತಿತ್ತು. ಈ ಹುಳು ಮೊಟ್ಟೆ ಇಡುವುದಿಲ್ಲ, ಮರಿಗಳನ್ನೇ ಹಾಕುತ್ತದೆ. ಹನಿ ನೀರಿನಲ್ಲಿ ನೂರಾರು ಮರಿಗಳು ಅಲ್ಪವಿರಾಮಗಳಂತೆ ಬಳುಕಾಡುತ್ತಿದ್ದವು. ಸಂಜೆ ಮನೆಗೆ ಹೋಗಿ ತನ್ನ ತೊಟ್ಟಿಯ ಮುಂದೆ ಕೂತ. ಉಳಿದಿದ್ದ ಹನ್ನೊಂದು ಗಪ್ಪಿಗಳಲ್ಲಿ ನಾಲ್ಕರ ಹೊಟ್ಟೆಯ ಕೆಳಗೆ ಕೆಂಪು ದಾರವಿತ್ತು. ಹೆಂಡತಿ ಬಂದು ‘ಏನು ಅಷ್ಟು ನೋಡ್ತಿದೀರಿ?’ ಎಂದಾಗ ದೀಪ ಆರಿಸಿಬಿಟ್ಟ.

ಮಾರನೆಯ ದಿನ ಹೇಳಿಬಿಡಬೇಕೆಂದೇ ಭಾವನ ಮನೆಯ ಮೆಟ್ಟಿಲು ಹತ್ತಿದ. ವಾಕ್ಯ ಸಿದ್ಧವಾಗಿತ್ತು: ಭಾವ, ಇದು ನನ್ನ ಗಪ್ಪಿಯಿಂದ ಬಂದದ್ದು, ತಪ್ಪು ನಂದು. ಒಳಗೆ ಕಾಲಿಟ್ಟರೆ ಹಾಲಿನ ಮಧ್ಯೆ ಮೀನಕ್ಕ ಕೈಕಟ್ಟಿ ನಿಂತಿದ್ದಳು. ಸೋಫಾದಲ್ಲಿ ಭಾವನ ಹೆಂಡತಿ ಕೂತಿದ್ದರು. ಅವನು ಅವರನ್ನು ಅಕ್ಕ ಎನ್ನುತ್ತಿದ್ದ.

‘ಕೈ ತೊಳ್ಕೊಂಡು ಹಾಕ್ತೀಯೋ ಹಾಗೇ ಹಾಕ್ತೀಯೋ?’ ಎಂದು ಅಕ್ಕ ಕೇಳುತ್ತಿದ್ದರು.

‘ತೊಳ್ದೇ ಹಾಕ್ತೀನಮ್ಮ.’

‘ಮತ್ತೆ ಹುಳ ಎಲ್ಲಿಂದ ಬಂತು? ಆಕಾಶದಿಂದ ಬಿತ್ತಾ?’ ಭಾವ ಅವನನ್ನು ಕಂಡು, ‘ಬಂದ ನೋಡು ಡಾಕ್ಟರು. ಏನಯ್ಯ, ಮನುಷ್ಯರ ಕೈಯಿಂದ ಮೀನಿಗೆ ಹುಳ ಬರಬಹುದಾ?’ ಎಂದರು.

ಬರುವುದಿಲ್ಲ. ಈ ಹುಳುವಿಗೂ ಮನುಷ್ಯನಿಗೂ ಸಂಬಂಧವೇ ಇಲ್ಲ. ಇದನ್ನು ಹೇಳಲು ಒಂದು ಉಸಿರು ಸಾಕಿತ್ತು. ಆದರೆ ಅದನ್ನು ಹೇಳಿದರೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತಿತ್ತು, ಹಾಗಾದರೆ ಎಲ್ಲಿಂದ ಬಂತು ಎಂದು. ‘ಡಾಕ್ಟರು’ ಎಂಬ ಮಾತು ತಮಾಷೆಯದಾದರೂ ಅದರಲ್ಲಿ ಈ ಸಲ ಸ್ವಲ್ಪ ನಿಜವೂ ಬೆರೆತಿತ್ತು. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಆ ಮನೆಯಲ್ಲಿ ಅವನ ಬಾಯನ್ನು ಯಾರೂ ಹಾಗೆ ನೋಡಿರಲಿಲ್ಲ. ‘ಹೇಳಕ್ಕಾಗಲ್ಲ’ ಎಂದ.

‘ಹೇಳಕ್ಕಾಗಲ್ಲ ಅಂದ್ರೆ ಇವಳದ್ದೂ ಟೆಸ್ಟ್ ಮಾಡು. ನಿಂದೇ ಲ್ಯಾಬು ಇದ್ಯಲ್ಲ’ ಎಂದರು ಭಾವ. ಆಗ ಮೀನಕ್ಕ ಅವನನ್ನೇ ನೋಡಿದಳು. ಬೇಡುವ ನೋಟವಲ್ಲ. ಏನೋ ಮರೆತವನಿಗೆ ನೆನಪಾಗಲಿ ಎಂದು ಕಾಯುವವರು ಹಾಗೆ ನೋಡುತ್ತಾರೆ. ಅವನು ಅಕ್ವೇರಿಯಂ ಕಡೆ ತಿರುಗಿಕೊಂಡ.

ಆಕೆ ಮರುದಿನ ಬೆಳಗ್ಗೆಯೇ ಲ್ಯಾಬಿಗೆ ಬಂದಳು. ಒಗೆದ ಸೀರೆಯುಟ್ಟು, ತಲೆ ಬಾಚಿ, ಡಬ್ಬಿಯನ್ನು ಕೈಚೀಲದ ತಳದಲ್ಲಿಟ್ಟುಕೊಂಡು ಬಂದು, ಅದನ್ನು ಪರಿಚಯದವನ ಕೈಗೇ ಕೊಡಬೇಕಾಗಿ ಬಂದದ್ದಕ್ಕೆ ಎರಡೂ ಕಿವಿ ಕೆಂಪು ಮಾಡಿಕೊಂಡು ನಿಂತಳು. ಕೌಂಟರಿನ ಹುಡುಗಿ ನಲವತ್ತೊಂದು ಎಂದು ನಂಬರು ಅಂಟಿಸಿದಳು. ಏನೂ ಇಲ್ಲದಿರಲಿ ಎಂದು ಅವನು ಎಷ್ಟು ಬೇಡಿಕೊಂಡ! ಏನೂ ಇಲ್ಲವೆಂದಾದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆಕೆಗೆ ಕೆಲಸ, ಭಾವನಿಗೆ ಮೀನು, ಅವನಿಗೆ ಮರ್ಯಾದೆ ಎಲ್ಲ ಉಳಿಯುತ್ತಿತ್ತು. ಮಸೂರದ ಕೆಳಗೆ ಎರಡನೆಯ ಸಾಲಿನಲ್ಲೇ ಸಿಕ್ಕಿತು, ಕಂದುಹಳದಿಯ, ಸುತ್ತ ಗಂಟುಗಂಟಾದ ಅಂಚಿನ ಜಂತುಹುಳುವಿನ ಮೊಟ್ಟೆ. ಇನ್ನೊಂದು. ಮತ್ತೊಂದು. ಯಾರಿಗಿಲ್ಲ? ಕಾರಿನಲ್ಲಿ ಬಂದು ಇಳಿಯುವವರ ಡಬ್ಬಿಯಲ್ಲೂ ವಾರಕ್ಕೆ ನಾಲ್ಕು ಸಿಗುತ್ತಿತ್ತು. ಸೊಪ್ಪು ಸರಿಯಾಗಿ ತೊಳೆಯದಿದ್ದರೆ ಸಾಕು. ಒಂದು ಮಾತ್ರೆಗೆ ಹೋಗುವ ರೋಗ, ಮೀನಿನ ಹುಳುವಿಗೂ ಇದಕ್ಕೂ ಯಾವ ನಂಟೂ ಇಲ್ಲ. ಪೆನ್ನು ಹಿಡಿದು ತುಂಬ ಹೊತ್ತು ಕೂತ. ಇಲ್ಲವೆಂದು ಬರೆದರೆ ಸುಳ್ಳು. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಸುಳ್ಳೂ ಬರೆದವನಲ್ಲ. ಆ ಹೆಮ್ಮೆ ಸರಿಯಾದ ಸಮಯಕ್ಕೆ ನೆರವಿಗೆ ಬಂತು. ‘ಜಂತುಹುಳುವಿನ ಮೊಟ್ಟೆಗಳು ಕಂಡುಬಂದಿವೆ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಹಾಕಿದ. ಒಂದಕ್ಷರವೂ ಸುಳ್ಳಾಗಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಆಕೆಗೆ ಮಾತ್ರೆಯ ಚೀಟಿ ಕೊಟ್ಟ. ‘ಮೀನಿಂದೂ ನಂದೂ ಒಂದೇನಾ ಸರ್?’ ಎಂದು ಕೇಳಿದಳು.

‘ಈ ಮಾತ್ರೆ ತಗೊಳ್ಳಿ. ಹೋಗಿಬಿಡತ್ತೆ’ ಎಂದ.

ವರದಿ ನೋಡಿ ಅದೇ ವಾರ ಆಕೆಯನ್ನು ಕೆಲಸದಿಂದ ಬಿಡಿಸಿದರು. ಅವನು ಎದುರಿಗಿರಲಿಲ್ಲ. ಅವನು ಹೋಗುವ ಹೊತ್ತಿಗೆ ಬೇರೊಬ್ಬಳು ನೆಲ ಒರೆಸುತ್ತಿದ್ದಳು. ಆಮೇಲಿನ ದಿನಗಳಲ್ಲಿ ಅವನು ಆ ಮೀನುಗಳಿಗಾಗಿ ದುಡಿದಷ್ಟು ತನ್ನ ಸ್ವಂತ ಜ್ವರಕ್ಕೂ ಆರೈಕೆ ಮಾಡಿಕೊಂಡಿರಲಿಲ್ಲ. ದನದ ಔಷಧಿಯಂಗಡಿಯಲ್ಲಿ ಕುರಿ ಕೋಳಿಗಳಿಗೆ ಕೊಡುವ ಹುಳುವಿನ ಪುಡಿ ತಂದ. ನೀರಿನ ಅಳತೆ ಹಾಕಿ ಚಿನ್ನದಂತೆ ತೂಗಿದ. ಬೆಳಕಿಗೆ ಔಷಧಿ ಕೆಡುತ್ತದೆಂದು ಅಕ್ವೇರಿಯಂಗೆ ಕಂಬಳಿ ಹೊದೆಸಿದ. ಮರುದಿನ ಕಂಬಳಿ ಸರಿಸಿದಾಗ ತಳದ ಮರಳಿನ ಮೇಲೆ ಕೆಂಪು ಎಳೆಗಳು ಉದುರಿಬಿದ್ದಿದ್ದವು. ಆ ಪುಡಿ ಹುಳುವನ್ನು ಕೊಲ್ಲುವುದಿಲ್ಲ, ಕಚ್ಚಿದ ಬಾಯಿ ಸಡಿಲವಾಗುವಂತೆ ಮರಗಟ್ಟಿಸುತ್ತದೆ ಅಷ್ಟೇ. ಚೇತರಿಸಿಕೊಳ್ಳುವ ಮೊದಲು ಎತ್ತದಿದ್ದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಅವನು ಮೊಣಕಾಲೂರಿ, ಪೈಪಿನ ತುದಿಯನ್ನು ಮರಳಿನ ಮೇಲೆ ಅಂಗುಲ ಅಂಗುಲವಾಗಿ ಸರಿಸುತ್ತಾ ಬಕೆಟ್ಟಿಗೆ ಹೀರಿದ. ಅರ್ಧ ನೀರು ಬದಲಿಸಿದ. ಒಳಗೆ ಉಳಿದ ಮರಿಗಳು ಬೆಳೆಯುತ್ತವೆಂದು ಮೂರು ವಾರ ಬಿಟ್ಟು ಮತ್ತೊಮ್ಮೆ ಅದನ್ನೆಲ್ಲ ಮಾಡಿದ. ಮನೆಯಲ್ಲೂ ಕದ್ದು ಅದೇ ದಿನಗಳಲ್ಲಿ ಅದೇ ಔಷಧಿ ಹಾಕಿದ. ‘ನಮ್ಮ ಮೀನಿಗೂ ಬಂದಿದ್ಯಾ?’ ಎಂದು ಹೆಂಡತಿ ಕೇಳಿದಾಗ, ‘ಇಲ್ಲ, ಮುಂಜಾಗ್ರತೆಗೆ’ ಎಂದ. ಸುಳ್ಳು ಹೇಳುವುದಕ್ಕೂ ಬರೆಯುವುದಕ್ಕೂ ತಾನು ಎಂದಿನಿಂದ ಬೇರೆ ಬೇರೆ ಲೆಕ್ಕ ಇಟ್ಟುಕೊಂಡೆ ಎಂದು ಕಂಬಳಿಯಡಿ ಇಣುಕುತ್ತಾ ಯೋಚಿಸಿದ. ಡಿಸ್ಕಸ್‌ಗಳು ಚೇತರಿಸಿಕೊಂಡವು. ಒಂಬತ್ತರಲ್ಲಿ ಆರು ಉಳಿದವು. ಉಗುಳುವುದು ನಿಂತಿತು, ಮಲ ಕಪ್ಪಾಯಿತು, ಬಣ್ಣ ಮರಳಿತು. ಭಾವನ ಮನೆಯಲ್ಲಿ ಅವನಿಗೆ ಸ್ಟೀಲಿನ ಲೋಟದ ಬದಲು ಪಿಂಗಾಣಿ ಕಪ್ಪಿನಲ್ಲಿ ಟೀ ಬರತೊಡಗಿತು.

ಈ ಸಂಜೆಯೂ ಅದೇ ಕಪ್ಪಿನಲ್ಲಿ ಬಂತು. ಇಸ್ತ್ರಿಯಾದ ನೀಲಿ ಅಂಗಿ ಕತ್ತಿನ ಹತ್ತಿರ ಬಿಗಿಯುತ್ತಿತ್ತು. ಇಬ್ಬರು ಬಿಲ್ಡರುಗಳು, ಒಬ್ಬ ಹಲ್ಲಿನ ಡಾಕ್ಟರು, ಅವರವರ ಹೆಂಡತಿಯರು. ಭಾವ ಅವನ ಹೆಗಲ ಮೇಲೆ ಕೈ ಹಾಕಿದರು. ಅವನ ಮೈ ತಾನಾಗಿ ಕುಗ್ಗಿತು, ಪಾತ್ರೆ-ಪದಾರ್ಥದ ಮಾತು ಈಗ ಬರುತ್ತದೆಂದು. ಬರಲಿಲ್ಲ. ‘ನಮ್ಮ ತಂಗಿಯ ಗಂಡ. ಲ್ಯಾಬಿನಲ್ಲಿ ದೊಡ್ಡ ಹುದ್ದೆಯಲ್ಲಿದಾನೆ. ಅಂಗಡಿಯೋರೆಲ್ಲ ಕೈಚೆಲ್ಲಿದ್ರು, ಇವನು ಬಂದು ಗಾಜಿಗೆ ಕಣ್ಣಿಟ್ಟು ಹತ್ತೇ ನಿಮಿಷದಲ್ಲಿ ಹಿಡಿದುಬಿಟ್ಟ’ ಎಂದರು. ಎಲ್ಲರೂ ಮೀನು ಬಿಟ್ಟು ಅವನನ್ನು ನೋಡಿದರು. ಹಲ್ಲಿನ ಡಾಕ್ಟರ ಹೆಂಡತಿ, ‘ನಮ್ಮನೇಲೂ ಎರಡು ಗೋಲ್ಡ್‌ಫಿಶ್ ಇದೆ, ಒಂದ್ಸಲ ಬಂದು ನೋಡ್ತೀರಾ?’ ಎಂದರು. ಮೂಲೆಯಲ್ಲಿ ನಿಂತಿದ್ದ ಅವನ ಹೆಂಡತಿಯ ಕಣ್ಣು ತುಂಬಿದ್ದನ್ನು ಅವನು ಕಂಡ. ಇಂಥದೊಂದು ಸಂಜೆಗಾಗಿ ತಾನೂ ಕಾದಿದ್ದೆನೆಂದು ಒಪ್ಪಿಕೊಳ್ಳಬೇಕಾಗಿ ಬಂದದ್ದೇ ಅವನಿಗೆ ಎಲ್ಲಕ್ಕಿಂತ ಅಸಹ್ಯವೆನಿಸಿತು.

ಆಗ ಅಕ್ಕನ ಫೋನು ಬಡಿದುಕೊಂಡಿತು. ಯಾವುದೋ ಹಾಸ್ಟೆಲಿನ ಅಡುಗೆಮನೆಯ ಮೇಲ್ವಿಚಾರಕರಂತೆ. ಮೀನಕ್ಕ ಅಲ್ಲಿ ಕೆಲಸ ಕೇಳಿದ್ದಾಳೆ, ಹಿಂದೆ ಇದ್ದ ಮನೆಯೆಂದು ಇವರ ನಂಬರು ಕೊಟ್ಟಿದ್ದಾಳೆ. ಅಕ್ಕ ನೆಂಟರ ಕಡೆ ಬೆನ್ನು ಮಾಡಿ, ದನಿ ತಗ್ಗಿಸಿ, ‘ಅಡುಗೆ ಏನೋ ಚೆನ್ನಾಗೇ ಮಾಡ್ತಾಳೆ. ಕೈ ಶುದ್ಧ ಇಲ್ಲ ನೋಡಿ, ಅದಕ್ಕೇ ಬಿಡಿಸಿದ್ವಿ’ ಎಂದು ಫೋನಿಟ್ಟರು.

ಅವನು ಹತ್ತಿರ ಹೋದ. ‘ಅಕ್ಕ, ಕೈ ಶುದ್ಧ ಇಲ್ಲ ಅಂದ್ರೆ ಕಳ್ಳಿ ಅಂತ ತಿಳ್ಕೊಳ್ತಾರೆ.’

‘ಅಯ್ಯೋ, ಹಾಗ್ಯಾಕೆ ತಿಳ್ಕೊಳ್ತಾರೆ? ಹೊಟ್ಟೇಲಿ ಹುಳ ಇತ್ತು ಅಂತ ಹೇಳೋದು ಚೆನ್ನಾಗಿರತ್ತಾ ನೀವೇ ಹೇಳಿ. ಪಾಪ, ಅವಳ ಮಾನ ಉಳಿಸೋಣ ಅಂತ ಅಷ್ಟಕ್ಕೇ ಬಿಟ್ಟೆ’ ಎಂದು ಅಕ್ಕ ಬಿಸ್ಕತ್ತಿನ ತಟ್ಟೆ ಹಿಡಿದು ಹೊರಟರು.

ಬಂದವರೆಲ್ಲ ಹೋಗುವವರೆಗೆ ಅವನು ಕಾದ. ಭಾವ ಅಕ್ವೇರಿಯಂ ಮುಂದೆ ಒಬ್ಬರೇ ನಿಂತು ಗಾಜನ್ನು ಬೆರಳಲ್ಲಿ ತಟ್ಟುತ್ತಿದ್ದಾಗ ಹೋಗಿ, ‘ಭಾವ, ಹುಳ ಬಂದದ್ದು ನನ್ನ ಗಪ್ಪಿಯಿಂದ. ಅವಳಿಂದಲ್ಲ. ನನಗೆ ಮೊದಲ ದಿನವೇ ಗೊತ್ತಿತ್ತು’ ಎಂದುಬಿಟ್ಟ. ಬೈಗುಳಕ್ಕೆ, ಹೊಡೆತಕ್ಕೆ, ಇನ್ನು ಈ ಮನೆಗೆ ಕಾಲಿಡಬೇಡ ಎಂಬ ಮಾತಿಗೆ, ಎಲ್ಲಕ್ಕೂ ಸಿದ್ಧನಾಗಿದ್ದ. ಭಾವ ಅವನನ್ನು ಒಂದು ಗಳಿಗೆ ನೋಡಿ ನಕ್ಕರು.

‘ಇದೇನಾ ನಿನ್ನ ಹೊಟ್ಟೇಲಿದ್ದಿದ್ದು? ಸಂಜೆಯಿಂದ ಮುಖ ಹರಳೆಣ್ಣೆ ಕುಡಿದೋರ ಹಾಗೆ ಮಾಡ್ಕೊಂಡಿದ್ದೆ. ಹೋಗ್ಲಿ ಬಿಡು. ತಂದೋನೂ ನೀನೇ, ತೆಗೆದೋನೂ ನೀನೇ. ಆದ್ರೆ ಯಾರ ಮುಂದೂ ಬಾಯಿಬಿಡ್ಬೇಡ ಮತ್ತೆ. ನಾಲ್ಕು ಜನರ ಎದುರು ಹೊಗಳಿದೀನಿ, ನನ್ನ ಮುಖಕ್ಕೆ ಮಸಿ.’

‘ಆದ್ರೆ ಮೀನಕ್ಕ...’

‘ಅವಳ ರಿಪೋರ್ಟಲ್ಲಿ ಹುಳ ಇತ್ತಲ್ಲ? ನೀನೇ ಬರ್ಕೊಟ್ಟಿದ್ದು. ಏನು, ಸುಳ್ಳು ಬರ್ದಿದ್ಯಾ?’

‘ಇಲ್ಲ.’

‘ಮತ್ತಿನ್ನೇನು?’ ಭಾವ ದೀಪ ಆರಿಸಿದರು. ಮೀನುಗಳು ಕತ್ತಲಲ್ಲಿ ಮುಳುಗಿದವು.

ಬಸ್ಸಿನಲ್ಲಿ ಹೆಂಡತಿ ಅವನ ತೋಳಿಗೆ ತಲೆಯಾನಿಸಿ, ‘ನಮ್ಮಣ್ಣನ ಬಾಯಿಂದ ಅಂಥ ಮಾತು ಬರತ್ತೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ’ ಎಂದಳು. ಅವನು ‘ಹೂಂ’ ಎಂದ. ಇಷ್ಟು ದಿನ ತನ್ನೊಳಗೆ ಹೊತ್ತುಕೊಂಡು ತಿರುಗಿದ ಪಾಪಕ್ಕೆ ಅಲ್ಲಿ ಒಂದು ಶಿಕ್ಷೆಯ ಬೆಲೆಯೂ ಇರಲಿಲ್ಲ. ಕ್ಷಮಿಸಬೇಕಾದವರು ಅದನ್ನು ಪಾಪವೆಂದೇ ಗುರುತಿಸದೆ ಪಕ್ಕಕ್ಕಿಟ್ಟರೆ ಅದನ್ನು ಇನ್ನೆಲ್ಲಿ ಇಳಿಸುವುದು? ಆಕೆಯ ಮುಂದೆಯೇ ಇಳಿಸಬೇಕು. ಆಕೆ ಬೈಯಲಿ, ಅಳಲಿ, ಬಾಗಿಲು ಹಾಕಿಕೊಳ್ಳಲಿ. ಅದರಲ್ಲೂ ತನಗೊಂದು ಸುಖ ಸಿಗುತ್ತದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬೆಳಗಾಗುವುದನ್ನೇ ಕಾದ.

ಲ್ಯಾಬಿನ ಪುಸ್ತಕದಲ್ಲಿ ಆಕೆ ಕೊಟ್ಟಿದ್ದ ವಿಳಾಸ, ಒಂದು ಲಾಂಡ್ರಿಯ ಮೇಲಿನ ಒಂದೇ ಕೋಣೆ. ಭಾನುವಾರ ಬೆಳಗ್ಗೆ ಅವನು ಮೆಟ್ಟಿಲ ಮೇಲೆ ನಿಂತಾಗ ಕೆಳಗಿನ ಇಸ್ತ್ರಿಯ ಬಿಸಿ ಗಾಳಿ ಮೇಲಕ್ಕೆ ಬರುತ್ತಿತ್ತು. ಆಕೆ ಬಾಗಿಲು ತೆರೆದು, ಆಶ್ಚರ್ಯಪಡದೆ, ಇದ್ದ ಒಂದೇ ಕುರ್ಚಿಯನ್ನು ಒರೆಸಿ ಹಾಕಿದಳು. ಅವನು ಕೂರಲಿಲ್ಲ. ಗಪ್ಪಿ, ಕೆಂಪು ಚುಕ್ಕೆ, ಹೇಳಕ್ಕಾಗಲ್ಲ ಎಂದದ್ದು, ವರದಿ, ನಿನ್ನೆಯ ಫೋನು, ಎಲ್ಲವನ್ನೂ ನೆಲ ನೋಡುತ್ತಾ ಒಂದೇ ಸಮನೆ ಹೇಳಿ ಮುಗಿಸಿದ.

‘ಆ ಕೆಂಪು ದಾರ ನಾನೂ ನೋಡಿದ್ದೆ ಸರ್, ನೀವು ಮೀನು ತಂದ ದಿನವೇ’ ಎಂದಳು ಆಕೆ. ‘ನೀವು ಲ್ಯಾಬಿನೋರು, ಗೊತ್ತಿಲ್ದೆ ತಂದಿರ್ತೀರಾ ಅಂತ ಸುಮ್ನಾದೆ. ಅವತ್ತು ಹಾಲಲ್ಲಿ ನಿಲ್ಸಿ ಕೇಳ್ದಾಗ ನೀವೇ ಹೇಳ್ತೀರಾ ಅಂದ್ಕೊಂಡೆ. ನಾನು ಹೇಳಿದ್ರೆ ಯಾರು ನಂಬ್ತಾರೆ?’

ಆಕೆ ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದು ಬೀಗ ಕೈಯಲ್ಲಿ ಹಿಡಿದಳು. ‘ಬನ್ನಿ.’

‘ಎಲ್ಲಿಗೆ?’

‘ಹಾಸ್ಟೆಲಿಗೆ. ಇಲ್ಲೇ ಎರಡು ರಸ್ತೆ ಆಚೆ. ಕಳ್ಳಿ ಅಂದ್ಕೊಂಡಿದಾರಲ್ಲ, ಅದಲ್ಲ ಅಂತ ಹೇಳಿ.’

ಇಂಥದೊಂದು ಬರುತ್ತದೆಂದು ಅವನು ಎಣಿಸಿರಲಿಲ್ಲ. ಹೇಳಿ ಹಗುರಾಗಲು ಬಂದವನು ಅವನು, ಕೆಲಸಕ್ಕೆ ಬಂದವನಲ್ಲ. ‘ಈಗ್ಲೇನಾ? ಭಾನುವಾರ, ಇರ್ತಾರೋ ಇಲ್ವೋ...’ ಎಂದ. ‘ಮಕ್ಕಳು ಭಾನುವಾರ ಊಟ ಬಿಡ್ತಾರಾ?’ ಎಂದು ಆಕೆ ಬೀಗ ಹಾಕಿ ಮುಂದೆ ಇಳಿದಳು.

ಹಾಸ್ಟೆಲಿನ ಊಟದ ಮನೆಯಲ್ಲಿ ಉದ್ದದ ಮೇಜುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ಮೇಲ್ವಿಚಾರಕರು ಕನ್ನಡಕವನ್ನು ಹಣೆಗೇರಿಸಿಕೊಂಡ, ಮಾತಿಗೆ ಸಮಯ ಕೊಡುವ ಮುದುಕಿ. ಕುಳಿತುಕೊಳ್ಳಲು ಹೇಳಿದರು, ನೀರು ಕೊಡಿಸಿದರು. ಅವನು ಒಳ್ಳೆಯ ಮನುಷ್ಯನಂತೆ ಕಾಣುತ್ತಿದ್ದ, ಅವನ ಮಾತಿಗೆ ತೂಕವಿತ್ತು. ‘ಇವರು ಕಳ್ಳತನ ಮಾಡಿದೋರಲ್ಲ. ಆ ಮನೆ ನನ್ನ ಹೆಂಡತಿಯ ಅಣ್ಣಂದೇ. ಅವರು ಕೈ ಶುದ್ಧ ಇಲ್ಲ ಅಂದಿದ್ದರ ಅರ್ಥ ಬೇರೆ’ ಎಂದ.

‘ಹಾಗಾ? ಸದ್ಯ. ನೋಡಿದ್ರೆ ಹಾಗನ್ನಿಸ್ತಿರ್ಲಿಲ್ಲ ನಂಗೂ’ ಎಂದು ಮುದುಕಿ ಮೀನಕ್ಕನ ಕಡೆ ನೋಡಿ ನಕ್ಕರು. ಮೀನಕ್ಕನ ಮುಖ ಅರಳಿತು. ‘ಮತ್ತೆ ಏನು ಅರ್ಥ?’

ಅಲ್ಲಿಗೆ ನಿಲ್ಲಿಸಬಹುದಿತ್ತು. ಏನೋ ಮನಸ್ತಾಪ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಒಂದೂವರೆ ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದವನಿಗೆ ಈಗ ನಿಜ ಹೇಳುವ ಚಟ ಹಿಡಿದಿತ್ತು. ಒಂದನ್ನೂ ಬಿಡಬಾರದು, ಒಂದನ್ನು ಮುಚ್ಚಿದ್ದಕ್ಕೇ ಇಷ್ಟೆಲ್ಲ ಆದದ್ದು ಎಂದುಕೊಂಡು ಅವನು ತುಂಬು ಹೃದಯದಿಂದ ಹೇಳಿದ. ಮೀನಿಗೆ ಬಂದ ಹುಳುವಿನ ಜಾತಿ ಬೇರೆ, ಅದು ಮರಿ ಹಾಕುತ್ತದೆ. ಇವರ ಹೊಟ್ಟೆಯಲ್ಲಿದ್ದದ್ದು ಬೇರೆ, ಅದು ಮೊಟ್ಟೆ ಇಡುತ್ತದೆ. ಒಂದರಿಂದ ಇನ್ನೊಂದು ಬರುವುದಿಲ್ಲ. ಇದನ್ನು ಸ್ವತಃ ಪರೀಕ್ಷೆ ಮಾಡಿದವನು ತಾನೇ. ಆ ಮೊಟ್ಟೆಗಳೂ ಮಣ್ಣಿನಲ್ಲಿ ಎರಡು ಮೂರು ವಾರ ಬಿದ್ದ ಮೇಲೆಯೇ ಹರಡುವುದು, ಅಡುಗೆಯವರ ಕೈಯಿಂದ ಹಾಗೆಲ್ಲ ಹರಡುವ ರೋಗವಲ್ಲ... ಮಾತಿನ ನಡುವೆ ಮುದುಕಿಯ ಕನ್ನಡಕ ಹಣೆಯಿಂದ ಕಣ್ಣಿಗಿಳಿದದ್ದನ್ನು ಅವನು ಗಮನಿಸಲಿಲ್ಲ.

‘ಅಂದ್ರೆ ಇವರ ಹೊಟ್ಟೇಲಿ ಹುಳ ಇತ್ತು.’

‘ಇತ್ತು. ಮಾತ್ರೆ ಕೊಟ್ಟಿದೀನಿ. ಈಗ ಇರಲ್ಲ. ಅದು ಸಾಮಾನ್ಯ...’

‘ನೂರಿಪ್ಪತ್ತು ಮಕ್ಕಳು ಉಣ್ಣೋ ಜಾಗ ಸರ್’ ಎಂದು ಮುದುಕಿ ಎದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ವಿಷಾದವಿತ್ತು. ‘ನೀವು ಬಂದು ಹೇಳಿದ್ದು ಒಳ್ಳೇದಾಯ್ತು. ನೋಡಮ್ಮ, ಬೇಜಾರು ಮಾಡ್ಕೋಬೇಡ.’ ಅವರು ನೀರಿನ ಲೋಟಗಳನ್ನು ಎತ್ತಿಕೊಂಡು ಹೋಗುವಾಗ ಮೀನಕ್ಕ ಕುಡಿದ ಲೋಟವನ್ನು ಬೇರೆಯಾಗಿ, ಎರಡು ಬೆರಳಲ್ಲಿ ಹಿಡಿದುಕೊಂಡಿದ್ದರು.

ಇಬ್ಬರೂ ರಸ್ತೆಗೆ ಬಂದರು. ಆಕೆ ಬೇಗ ನಡೆಯುತ್ತಿದ್ದಳು. ಅವನು ಹಿಂದೆ ಹಿಂದೆ ಓಡುನಡಿಗೆಯಲ್ಲಿ ಹೋಗುತ್ತಾ, ‘ಮೀನಕ್ಕ, ನಾಳೆ ಲ್ಯಾಬಿಗೆ ಬನ್ನಿ. ಇನ್ನೊಂದ್ಸಲ ಟೆಸ್ಟ್ ಮಾಡ್ತೀನಿ. ಖಂಡಿತ ಏನೂ ಇರಲ್ಲ. ಇಲ್ಲ ಅಂತ ಬರೆದು ಸಹಿ ಹಾಕಿ ಕೊಡ್ತೀನಿ, ಅದನ್ನ ತೋರಿಸಿದ್ರೆ ಇವರೂ...’ ಎಂದ.

ಆಕೆ ನಿಂತು ತಿರುಗಿದಳು. ಅವನು ಬಯಸಿದ್ದ ಬೈಗುಳವಾಗಲಿ ಅಳುವಾಗಲಿ ಆ ಮುಖದಲ್ಲಿರಲಿಲ್ಲ.

‘ಅಲ್ಲಿ ಮಾತಾಡ್ಬೇಕಿತ್ತು, ಸುಮ್ನಿದ್ರಿ. ಇಲ್ಲಿ ಸುಮ್ನಿರ್ಬೇಕಿತ್ತು, ಮಾತಾಡಿದ್ರಿ. ಇನ್ನು ಬರೆಯೋದೊಂದು ಬೇಡ ಸರ್.’

ಹಾಗೆಂದು ಸೆರಗಿನ ತುದಿಯಿಂದ ಕೈ ಒರೆಸಿಕೊಳ್ಳುತ್ತಾ ರಸ್ತೆ ದಾಟಿದಳು. ಎದುರಿಗೆ ಬಂದ ಬಸ್ಸು ಇಬ್ಬರ ನಡುವೆ ನಿಂತು, ಜನರನ್ನು ಇಳಿಸಿ, ಹತ್ತಿಸಿಕೊಂಡು ಹೊರಟಿತು. ಅವನು ಇನ್ನೂ ಈ ಬದಿಯಲ್ಲೇ ಇದ್ದ.